ಹದಿನಾರಕ್ಕೆ ಫುಟಿ ಶುರು ಮಾಡಿದರೆ ತಡವಾಯಿತೇ? ಸುತ್ತುದಾರಿಯಲ್ಲಿ ಬಂದವರು, ಬೇರೆ ದಾರಿ ಹಿಡಿದು ಹೋದವರು

ಪ್ರಶ್ನೆ: ನಾವು ಮೆಲ್ಬರ್ನಿನ ಪಶ್ಚಿಮ ಭಾಗದಲ್ಲಿದ್ದೇವೆ, ಊರು ಹಾಸನದ ಕಡೆ. ಮಗನಿಗೆ 16 ವರ್ಷ. ಆರಡಿ ನಾಲ್ಕಿಂಚು ಎತ್ತರ. ಇಷ್ಟು ದಿನ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು ಈಗ ಫುಟಿ ಆಡ್ತೀನಿ ಅಂತ ಹಟ ಹಿಡಿದಿದ್ದಾನೆ. ಶಾಲೆಯ ಕೋಚ್ ಕೂಡ ಹುರಿದುಂಬಿಸುತ್ತಿದ್ದಾರೆ. ಇಲ್ಲಿನ ಮಕ್ಕಳು ಐದು ವರ್ಷಕ್ಕೇ ಆ ಚೆಂಡು ಹಿಡಿದಿರುತ್ತಾರೆ. ಇವನು ಈಗ ಶುರು ಮಾಡಿದರೆ ಏನಾದರೂ ಆದೀತಾ? ಆದರೂ ಮೂವತ್ತಕ್ಕೆ ಆಟ ಮುಗಿದ ಮೇಲೆ ಏನು ಮಾಡೋದು? ಓದು ಹಾಳಾಗುತ್ತೆ ಅಂತ ಊರಲ್ಲಿ ಅವನ ಅಜ್ಜ ಗಾಬರಿಯಾಗಿದ್ದಾರೆ. ಚಿಕ್ಕ ಮಗಳೂ ಆಡುತ್ತಾಳೆ, ಅವಳಿಗೆ ಇದರಲ್ಲಿ ಮುಂದೆ ದಾರಿ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 16 ತಡವಲ್ಲ. ಆದರೆ ಈ ಆಟದ ಅತಿ ದೊಡ್ಡ ಲೀಗಾದ ಎಎಫ್‌ಎಲ್ ಮಟ್ಟಕ್ಕೆ ಹೋಗುವುದು ಐದು ವರ್ಷದಿಂದ ಆಡಿದವರಿಗೂ ತೀರಾ ಕಷ್ಟ. ಲೀಗಿನಲ್ಲಿ ಇರುವುದೇ 18 ಕ್ಲಬ್ಬು. ಒಂದೊಂದು ಕ್ಲಬ್ಬಿನಲ್ಲಿ ಸುಮಾರು ನಲವತ್ತು ನಲವತ್ತೈದು ಆಟಗಾರರು. ಹಾಗಾಗಿ "ಆಗುತ್ತಾನಾ" ಅನ್ನುವುದಕ್ಕೆ ಯಾರೂ ಮಾತು ಕೊಡಲಾರರು. "ತಡವಾಯಿತಾ" ಅನ್ನುವುದಕ್ಕೆ ಮಾತ್ರ ಧೈರ್ಯವಾಗಿ ಇಲ್ಲ ಅನ್ನಬಹುದು. ಯಾಕೆಂದರೆ ಈ ಆಟಕ್ಕೆ ಸುತ್ತುದಾರಿಯಲ್ಲಿ ಬಂದವರು ತುಂಬಾ ಮಂದಿ ಇದ್ದಾರೆ. ಇಲ್ಲಿಂದ ಹೊರಟು ಯಾರೂ ಊಹಿಸದ ಕೆಲಸಗಳಿಗೆ ಹೋದವರೂ ಇದ್ದಾರೆ. ಅಜ್ಜನವರ ಗಾಬರಿಗೂ ಉತ್ತರ ಅವರ ಬದುಕಿನಲ್ಲೇ ಸಿಗುತ್ತದೆ.

ಕರ್ನಾಟಕದಲ್ಲಿ ಓದುತ್ತಿರುವವರಿಗಾಗಿ ಎರಡು ಮಾತು. ಫುಟಿ ಎಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. 1859ರಲ್ಲಿ ಮೆಲ್ಬರ್ನಿನಲ್ಲಿ ಇದರ ನಿಯಮ ಬರೆದರು. ಕ್ರಿಕೆಟ್ ಮೈದಾನದಂಥ ಅಂಡಾಕಾರದ ದೊಡ್ಡ ಮೈದಾನ, ಒಂದೊಂದು ಕಡೆ 18 ಮಂದಿ, ಮೊಟ್ಟೆಯಾಕಾರದ ಚೆಂಡು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕದಲ್ಲಿ ಹೋದರೆ ಒಂದು. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಕೊಡಬಹುದು. ಎಸೆಯುವ ಹಾಗಿಲ್ಲ. ತಂಡದವನು ದೂರದಿಂದ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದು "ಮಾರ್ಕ್". ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ ಸಿಗುತ್ತದೆ.

ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಬಾಗಿಲು ತೆರೆಯುವುದೇ ಇಲ್ಲಿ. ಆಟ ಶುರುವಾಗುವಾಗ ಅಂಪೈರ್ ಚೆಂಡನ್ನು ಮೇಲಕ್ಕೆ ಹಾರಿಸುತ್ತಾರೆ. ಇಬ್ಬರು ಎತ್ತರದ ಆಟಗಾರರು ನೆಗೆದು ಅದನ್ನು ತಮ್ಮವರ ಕಡೆ ತಟ್ಟುತ್ತಾರೆ. ಇವರಿಗೆ ರಕ್‌ಮನ್ ಎನ್ನುತ್ತಾರೆ. ಈ ಜಾಗಕ್ಕೆ ಎತ್ತರ, ನೆಗೆತ, ಬೆರಳ ತುದಿಯ ಹಿಡಿತ ಬೇಕು. ಎತ್ತರವನ್ನು ಯಾವ ಕೋಚೂ ಕಲಿಸಲಾರ. ಒದೆಯುವುದನ್ನು ಕಲಿಸಬಹುದು. ಈ ಲೆಕ್ಕದ ಮೇಲೆಯೇ ಕ್ಲಬ್ಬುಗಳು ಬೇರೆ ಆಟದವರನ್ನು ಹುಡುಕಿಕೊಂಡು ಹೋಗುತ್ತವೆ. ಕ್ಲಬ್ಬುಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೂರು ವರ್ಷ ಫುಟಿ ಆಡಿರದ ಹುಡುಗರನ್ನು ಅದರ ಹೊರಗೆ ನೇರವಾಗಿ ಸೇರಿಸಿಕೊಳ್ಳಲು "ಕೆಟಗರಿ ಬಿ ರೂಕಿ" (ರೂಕಿ ಅಂದರೆ ಹೊಸಬ) ಎಂಬ ವ್ಯವಸ್ಥೆಯೇ ಇದೆ.

ಹಾಗೆ ಬಂದವರಲ್ಲಿ ಮೇಸನ್ ಕಾಕ್ಸ್ ಹೆಸರನ್ನು ನಿಮ್ಮ ಮಗ ಈಗಾಗಲೇ ಹೇಳಿರುತ್ತಾನೆ. ಅಮೆರಿಕದ ಟೆಕ್ಸಾಸಿನವರು, 211 ಸೆಂಟಿಮೀಟರ್ ಎತ್ತರ. ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದರು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಸೇರಿದ್ದು ಸ್ಕಾಲರ್‌ಶಿಪ್ ಮೇಲಲ್ಲ. ಮೊದಲು ಹೆಣ್ಣುಮಕ್ಕಳ ತಂಡಕ್ಕೆ ಅಭ್ಯಾಸದಲ್ಲಿ ಎದುರಾಳಿಯಾಗಿ ನಿಲ್ಲುತ್ತಿದ್ದರು, ಆಮೇಲೆ ಗಂಡುಮಕ್ಕಳ ತಂಡಕ್ಕೆ ಬಂದರು. 2014ರಲ್ಲಿ ಎಎಫ್‌ಎಲ್ ಲಾಸ್ ಏಂಜಲೀಸಿನಲ್ಲಿ ಆಯ್ಕೆ ಪರೀಕ್ಷೆ ನಡೆಸಿತು. ಅಲ್ಲಿಗೆ ಹೋದ ಕಾಕ್ಸ್ ಕಾಲಿಂಗ್‌ವುಡ್ ಕ್ಲಬ್ಬಿಗೆ ಸಹಿ ಹಾಕಿದರು. ಆಗ ವಯಸ್ಸು 23. ಅಲ್ಲಿಯವರೆಗೆ ಈ ಆಟ ಆಡಿಯೇ ಗೊತ್ತಿರಲಿಲ್ಲ.

ಎರಡು ವರ್ಷ ಕೆಳಹಂತದ ತಂಡದಲ್ಲಿ ಒದೆಯುವುದು, ಬೌನ್ಸ್ ಮಾಡುವುದು ಕಲಿತರು. 2016ರಲ್ಲಿ, ಯೋಧರನ್ನು ನೆನೆಯುವ ಆನ್ಜಾಕ್ ದಿನ, ಮೊದಲ ಪಂದ್ಯ. ಎಂಬತ್ತು ಸಾವಿರಕ್ಕೂ ಜಾಸ್ತಿ ಜನರ ಮುಂದೆ ಮೊದಲ ಕಿಕ್ಕಿಗೇ ಗೋಲು. 2018ರಲ್ಲಿ ಕಪ್ಪಿನ ಅಂತಿಮ ಪಂದ್ಯಕ್ಕೆ (ಗ್ರ್ಯಾಂಡ್ ಫೈನಲ್) ಮುಂಚಿನ ಪ್ರಿಲಿಮಿನರಿ ಫೈನಲ್‌ನಲ್ಲಿ ರಿಚ್ಮಂಡ್ ವಿರುದ್ಧ ಎರಡನೇ ಕ್ವಾರ್ಟರಿನಲ್ಲೇ ಮೂರು ಗೋಲು ಹೊಡೆದರು. ಆ ವರ್ಷದ ಗ್ರ್ಯಾಂಡ್ ಫೈನಲ್ ಐದು ಅಂಕಗಳಿಂದ ಕೈತಪ್ಪಿತು. 2023ರಲ್ಲಿ ನಾಲ್ಕು ಅಂಕಗಳಿಂದ ಗೆದ್ದರು. ನಡುವೆ ತಂಡದಿಂದ ಹೊರಗೆ ಕೂತದ್ದೂ ಇದೆ, ಕಣ್ಣಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದೂ ಇದೆ. ನಿಮ್ಮ ಮಗನಿಗೆ ಮೊದಲ ಕಿಕ್ಕಿನ ಗೋಲಿಗಿಂತ ಅದಕ್ಕೆ ಮುಂಚಿನ ಆ ಎರಡು ವರ್ಷದ ಕತೆ ಹೇಳಿ. ಅವನಿಗೆ ಬೇಕಾಗಿರುವುದು ಅದು.

ಎತ್ತರವೊಂದೇ ಅಲ್ಲ. ಕಾಲಿಂಗ್‌ವುಡ್‌ನ ಸ್ಕಾಟ್ ಪೆಂಡಲ್‌ಬರಿ ಹದಿಹರೆಯದಲ್ಲಿ ಕ್ಯಾನ್‌ಬರಾದ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಪಡೆದಿದ್ದರು. ಅದನ್ನು ಬಿಟ್ಟು ಫುಟಿಗೆ ಬಂದರು. ಖಾಲಿಯಾದ ಆ ಜಾಗ ಪ್ಯಾಟಿ ಮಿಲ್ಸ್‌ಗೆ ಸಿಕ್ಕಿತು. ಮಿಲ್ಸ್ 2014ರಲ್ಲಿ ಸ್ಯಾನ್ ಆಂಟೋನಿಯೊ ತಂಡದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ ಗೆದ್ದರು. ಪೆಂಡಲ್‌ಬರಿ ಕಾಲಿಂಗ್‌ವುಡ್ ನಾಯಕರಾದರು, ಮುಂದೆ 400 ಪಂದ್ಯವನ್ನೂ ದಾಟಿದರು. ಅವರು ಚೆಂಡು ಹಿಡಿದಾಗ ಸುತ್ತಲಿದ್ದವರೆಲ್ಲ ನಿಧಾನವಾದ ಹಾಗೆ ಕಾಣುತ್ತದೆ. ಇಕ್ಕಟ್ಟಿನಲ್ಲಿ ಜಾಗ ಹುಡುಕುವ ಆ ಕಣ್ಣು ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಬೆಳೆದದ್ದು. ಹಾಗಾಗಿ ನಿಮ್ಮ ಮಗ ಇಷ್ಟು ವರ್ಷ ಆಡಿದ್ದು ದಂಡವಾಯಿತು ಅಂದುಕೊಳ್ಳಬೇಡಿ.

ಬೇರೆ ಆಟದಿಂದ ಬಂದವರಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರದವರು ಜಿಮ್ ಸ್ಟೈನ್ಸ್. ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಡಬ್ಲಿನ್ ಹುಡುಗ. ಆಡುತ್ತಿದ್ದದ್ದು ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್. ಅದರಲ್ಲಿ ಚೆಂಡು ಪೂರ್ತಿ ದುಂಡಗಿರುತ್ತದೆ. 1980ರ ದಶಕದಲ್ಲಿ ಮೆಲ್ಬರ್ನ್ ಕ್ಲಬ್ಬಿನ ಕೋಚ್ ರಾನ್ ಬರಾಸಿಗೆ ಒಂದು ಯೋಚನೆ ಬಂತು: ಎತ್ತರದ ಐರಿಷ್ ಹುಡುಗರಿಗೆ ಈ ಆಟ ಕಲಿಸಿದರೆ ಹೇಗೆ? ಅಲ್ಲಿ ಜಾಹೀರಾತು ಕೊಟ್ಟರು. ಆಟದ ಜೊತೆಗೆ ಮೆಲ್ಬರ್ನಿನಲ್ಲಿ ಕಾಲೇಜು ಓದುವ ಅವಕಾಶವನ್ನೂ ಕೊಟ್ಟರು. ಸ್ಟೈನ್ಸ್ 1984ರ ಕೊನೆಗೆ, 18 ವರ್ಷದವರಾಗಿದ್ದಾಗ ಬಂದಿಳಿದರು.

ಹಿರಿಯರ ತಂಡದಲ್ಲಿ ಮೊದಲ ಪಂದ್ಯ ಆಡಿದ್ದು 1987ರಲ್ಲಿ. ಅದೇ ವರ್ಷ ಪ್ರಿಲಿಮಿನರಿ ಫೈನಲ್, ಎದುರಾಳಿ ಹಾಥಾರ್ನ್. ಕೊನೆಯ ಕ್ಷಣದಲ್ಲಿ ಮೆಲ್ಬರ್ನ್ ನಾಲ್ಕು ಅಂಕ ಮುಂದಿತ್ತು. ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಫ್ರೀ ಕಿಕ್ ಸಿಕ್ಕಿತು, ಆದರೆ ಗೋಲು ದೂರವಿತ್ತು. ಆಗ ಸ್ಟೈನ್ಸ್ ತಿಳಿಯದೆ, ಒದೆಯಲು ನಿಂತವನಿಗೂ ಅವನೆದುರು ನಿಂತ ಆಟಗಾರನಿಗೂ ನಡುವೆ ಅಡ್ಡ ಓಡಿಬಿಟ್ಟರು. ನಿಯಮದ ಪ್ರಕಾರ ಅದು ತಪ್ಪು. ಅಂಪೈರ್ 15 ಮೀಟರ್ ಮುಂದಕ್ಕೆ ಕೊಟ್ಟರು. ಸೈರನ್ ಆದ ಮೇಲೆ ಬಕನಾರಾ ಒದ್ದ ಚೆಂಡು ನೇರ ಗೋಲಿಗೆ ಹೋಯಿತು. ಇಪ್ಪತ್ಮೂರು ವರ್ಷಗಳಿಂದ ಗ್ರ್ಯಾಂಡ್ ಫೈನಲ್ ಕಾಣದ ಕ್ಲಬ್ಬು ಮನೆಗೆ ಹೋಯಿತು. ಹುಟ್ಟಿನಿಂದ ಈ ಆಟ ಆಡಿದವನ ಕಾಲು ಅಲ್ಲಿ ತಾನಾಗಿ ನಿಲ್ಲುತ್ತಿತ್ತು. ತಡವಾಗಿ ಬಂದವನು ತೆರಬೇಕಾದ ಬೆಲೆ ಇದು. ಸ್ಟೈನ್ಸ್ ಅದನ್ನು ಊರೆಲ್ಲ ನೋಡುತ್ತಿರುವಾಗ ತೆತ್ತರು.

ಆಮೇಲೆ ಏನಾಯಿತು ನೋಡಿ. 1987ರಿಂದ 1998ರವರೆಗೆ ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದರು. ಅದು ಲೀಗಿನ ದಾಖಲೆ. 1991ರಲ್ಲಿ ಬ್ರೌನ್‌ಲೋ ಪದಕ ಗೆದ್ದರು. ವರ್ಷದ ಶ್ರೇಷ್ಠ ಆಟಗಾರನಿಗೆ ಅಂಪೈರುಗಳು ಮತ ಹಾಕಿ ಕೊಡುವ ಪದಕ ಅದು. ಆಡುತ್ತಿರುವಾಗಲೇ, 1994ರಲ್ಲಿ, ಗೆಳೆಯರೊಬ್ಬರ ಜೊತೆ ಹದಿಹರೆಯದವರಿಗಾಗಿ "ರೀಚ್" ಎಂಬ ಸಂಸ್ಥೆ ಕಟ್ಟಿದರು. 2008ರಲ್ಲಿ ಮೆಲ್ಬರ್ನ್ ಕ್ಲಬ್ಬು ಸುಮಾರು 50 ಲಕ್ಷ ಡಾಲರ್ ಸಾಲದಲ್ಲಿ ಮುಳುಗಿದ್ದಾಗ ಅಧ್ಯಕ್ಷರಾಗಿ ಬಂದು ಆ ಸಾಲ ತೀರಿಸಿದರು. ಮರುವರ್ಷವೇ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೂ ಕೆಲಸ ಬಿಡಲಿಲ್ಲ. 2012ರ ಮಾರ್ಚಿನಲ್ಲಿ, 45ನೇ ವಯಸ್ಸಿಗೆ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಒಬ್ಬ ವಲಸೆಗಾರ ಹುಡುಗನನ್ನು ಈ ಊರು ಅಷ್ಟು ತನ್ನವನನ್ನಾಗಿ ಮಾಡಿಕೊಂಡಿತ್ತು.

ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. ಗೋಲ್ಡ್ ಕೋಸ್ಟ್ ಮತ್ತು ಗ್ರೇಟರ್ ವೆಸ್ಟರ್ನ್ ಸಿಡ್ನಿ ಎಂಬ ಎರಡು ಹೊಸ ಕ್ಲಬ್ಬುಗಳು 2011 ಮತ್ತು 2012ರಲ್ಲಿ ಲೀಗಿಗೆ ಬಂದವು. ಜನರನ್ನು ಸೆಳೆಯಲು ರಗ್ಬಿ ಲೀಗಿನ ಇಬ್ಬರು ದೊಡ್ಡ ತಾರೆಯರನ್ನು ಭಾರಿ ದುಡ್ಡು ಕೊಟ್ಟು ತಂದರು. ಕಾರ್ಮೈಕಲ್ ಹಂಟ್ 44 ಪಂದ್ಯ ಆಡಿದರು, ಮೆಚ್ಚುವ ಹಾಗೆಯೇ ಆಡಿದರು. ಇಸ್ರೇಲ್ ಫೊಲಾವ್ 13 ಪಂದ್ಯ ಆಡಿ ರಗ್ಬಿ ಯೂನಿಯನ್‌ಗೆ ಹೋದರು. ಇಬ್ಬರೂ ಅದ್ಭುತ ಕ್ರೀಡಾಪಟುಗಳೇ. ಆದರೆ ರಗ್ಬಿಯಲ್ಲಿ ಎದುರಾಳಿ ಮುಂದಿನಿಂದ ಬರುತ್ತಾನೆ. ಫುಟಿಯಲ್ಲಿ ಆಫ್‌ಸೈಡ್ ಇಲ್ಲ, ಎಲ್ಲ ದಿಕ್ಕಿನಿಂದಲೂ ಬರುತ್ತಾರೆ. ಆ ಅರಿವು ಮೈಗೆ ಹತ್ತಲು ವರ್ಷಗಳು ಬೇಕು. 16ಕ್ಕೆ ಶುರು ಮಾಡುವವನಿಗೆ ಆ ವರ್ಷಗಳು ಕೈಯಲ್ಲಿವೆ. ಸಂಬಳ ಎಣಿಸುತ್ತಾ 22ಕ್ಕೆ ಬಂದವನಿಗೆ ಇರುವುದಿಲ್ಲ.

ಈ ಊರಿನವರೇ ಆಗಿದ್ದೂ ತಡವಾಗಿ ಅರಳಿದವರೂ ಇದ್ದಾರೆ. ಜೇಮ್ಸ್ ಪಾಡ್ಸಿಯಾಡ್ಲಿಯನ್ನು ಎರಡು ಕ್ಲಬ್ಬುಗಳು ರೂಕಿಯಾಗಿ ತೆಗೆದುಕೊಂಡು, ಒಂದೂ ಪಂದ್ಯ ಆಡಿಸದೆ ಬಿಟ್ಟುಬಿಟ್ಟಿದ್ದವು. ಅವರು ಕೆಳಹಂತದ ಲೀಗಿನಲ್ಲಿ ಆಡುತ್ತಾ, ಜೀಲಾಂಗ್ ಕ್ಲಬ್ಬಿನಲ್ಲಿ ಆಟಗಾರರಿಗೆ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಸೇರಿದರು. ಅದೇ ಕ್ಲಬ್ಬು 2009ರ ಕೊನೆಗೆ ಅವರನ್ನೇ ಆಟಗಾರನಾಗಿ ಆರಿಸಿತು. ಮೊದಲ ಪಂದ್ಯ ಆಡಿದಾಗ 28 ವರ್ಷ. 2011ರಲ್ಲಿ ಕಪ್ ಗೆದ್ದವರಿಗೆ ಕೊಡುವ ಪ್ರೀಮಿಯರ್‌ಶಿಪ್ ಪದಕ ಕೊರಳಿಗೆ ಬಿತ್ತು, ಆ ಫೈನಲ್‌ನಲ್ಲಿ ಭುಜ ಕಳಚಿಕೊಂಡಿತ್ತು.

ಈಗ ಅಜ್ಜನವರ ಪ್ರಶ್ನೆ. ಆಟ ಮುಗಿದ ಮೇಲೆ ಏನು?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರ ದಶಕದವರೆಗೂ ಹೆಚ್ಚಿನ ಆಟಗಾರರಿಗೆ ಫುಟಿ ಪೂರ್ತಿ ಹೊತ್ತಿನ ಕೆಲಸವೇ ಆಗಿರಲಿಲ್ಲ. ಹಗಲು ದುಡಿಮೆ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಶಾಲಾ ಮೇಷ್ಟರು, ಪೊಲೀಸರು, ಮರಗೆಲಸದವರು ಎಲ್ಲ ಆಡುತ್ತಿದ್ದರು. 1908ರಿಂದ 1914ರವರೆಗೆ ಲೀಗಿನಲ್ಲಿ "ಯೂನಿವರ್ಸಿಟಿ" ಎಂಬ ತಂಡವೇ ಇತ್ತು. ಅದರ ಆಟಗಾರರು ದುಡ್ಡು ಮುಟ್ಟುತ್ತಿರಲಿಲ್ಲ, ಪರೀಕ್ಷೆ ಬಂದರೆ ಓದೇ ಮೊದಲು. ಕೊನೆಯ 51 ಪಂದ್ಯ ಸತತವಾಗಿ ಸೋತು ಅದು ಲೀಗು ಬಿಟ್ಟಿತು. 1946ರಲ್ಲಿ ಬ್ರೌನ್‌ಲೋ ಪದಕ ಗೆದ್ದ ಡಾನ್ ಕಾರ್ಡ್‌ನರ್ ಡಾಕ್ಟರ್. ಅವರೂ ಆಟಕ್ಕೆ ಸಂಬಳ ಪಡೆಯದವರೇ.

ಡಗ್ ನಿಕೋಲ್ಸ್ ಅವರ ಬದುಕು ಎಲ್ಲರಿಗೂ ಗೊತ್ತಿರಬೇಕಾದದ್ದು. 1906ರಲ್ಲಿ ಕಮೆರಗುಂಜ ಎಂಬ ಮೂಲನಿವಾಸಿಗಳ ವಸತಿಯಲ್ಲಿ ಹುಟ್ಟಿದರು. ಕಾರ್ಲ್‌ಟನ್ ಕ್ಲಬ್ಬಿಗೆ ಹೋದಾಗ ಬಣ್ಣದ ಕಾರಣಕ್ಕೆ ಅವರನ್ನು ಹೊರಗಿಟ್ಟರು. ನಾರ್ತ್‌ಕೋಟ್ ತಂಡದಲ್ಲಿ ಆಡಿ, 1932ರಲ್ಲಿ ಫಿಟ್ಜ್‌ರಾಯ್ ಸೇರಿದರು. ಹೊಟ್ಟೆಪಾಡಿಗೆ ಓಟದ ಪಂದ್ಯಗಳಲ್ಲಿ ಓಡಿದರು, ಜಾತ್ರೆಯ ಡೇರೆಯಲ್ಲಿ ಬಾಕ್ಸಿಂಗ್ ಮಾಡಿದರು. ಆಮೇಲೆ ಚರ್ಚಿನ ಪಾದ್ರಿಯಾದರು, ತಮ್ಮ ಜನರ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದರು. 1972ರಲ್ಲಿ ಸರ್ ಪದವಿ ಬಂತು. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. ಆ ಸ್ಥಾನಕ್ಕೇರಿದ ಮೊದಲ ಮೂಲನಿವಾಸಿ ಅವರು. ಇವತ್ತು ಎಎಫ್‌ಎಲ್‌ನ ಮೂಲನಿವಾಸಿ ಸುತ್ತಿನ ಪಂದ್ಯಗಳಿಗೆ ಅವರದ್ದೇ ಹೆಸರು.

ಓದಿನ ಮಾತಿಗೆ ಬಂದರೆ, ಮೈಕ್ ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಅಜ್ಜನಿಗೆ ತೋರಿಸಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿದವರು. ವಾಪಸು ಬಂದು ಕಾರ್ಲ್‌ಟನ್ ನಾಯಕನಾಗಿ 1981 ಮತ್ತು 1982ರಲ್ಲಿ ಕಪ್ ಎತ್ತಿದರು. ಮುಂದೆ ರಸ್ತೆ, ವಿಮಾನ ನಿಲ್ದಾಣದಂಥ ಕಡೆ ಹಣ ಹೂಡುವ ಕಂಪನಿ ಕಟ್ಟಿದರು. 2007ರಿಂದ 2017ರವರೆಗೆ ಇಡೀ ಎಎಫ್‌ಎಲ್‌ನ ಆಯೋಗಕ್ಕೇ ಅಧ್ಯಕ್ಷರಾಗಿದ್ದರು. ಕಾರ್ಲ್‌ಟನ್‌ನ ಇನ್ನೊಬ್ಬ ರಕ್‌ಮನ್ ಜಸ್ಟಿನ್ ಮ್ಯಾಡನ್ 332 ಪಂದ್ಯ ಆಡಿದವರು, ಓದಿದ್ದು ಆರ್ಕಿಟೆಕ್ಚರ್. ಆಮೇಲೆ ವಿಕ್ಟೋರಿಯ ಸರ್ಕಾರದಲ್ಲಿ ಕ್ರೀಡಾ ಸಚಿವರಾದರು, ನಗರ ಯೋಜನೆಯ ಸಚಿವರೂ ಆದರು. ಮೆಲ್ಬರ್ನ್ ಕ್ಲಬ್ಬಿನ ರೇ ಗ್ರೂಮ್ ವಕೀಲರಾಗಿ, ಮುಂದೆ ಟಾಸ್ಮೇನಿಯಾದ ಪ್ರೀಮಿಯರ್ ಆದರು. ನಮ್ಮಲ್ಲಿನ ಮುಖ್ಯಮಂತ್ರಿ ಸ್ಥಾನ ಅದು. ಮ್ಯಾಕ್ಸ್ ವಾಕರ್ ಹೆಸರನ್ನು ಅಜ್ಜ ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿರಲೂಬಹುದು. 34 ಟೆಸ್ಟ್, 138 ವಿಕೆಟ್. ಅವರು ಅದಕ್ಕೂ ಮುಂಚೆ ಮೆಲ್ಬರ್ನ್ ಕ್ಲಬ್ಬಿಗೆ 85 ಫುಟಿ ಪಂದ್ಯ ಆಡಿದ್ದರು, ಅವರೂ ಆರ್ಕಿಟೆಕ್ಟ್.

ಇನ್ನೊಂದು ದಾರಿ ಅಮೆರಿಕಕ್ಕೆ ಹೋಗುತ್ತದೆ. ಇದು ನನಗೆ ಬಹಳ ಇಷ್ಟವಾದ ವಿಷಯ, ಯಾಕೆಂದರೆ ಇಲ್ಲಿ ಕೆಲಸಕ್ಕೆ ಬಂದದ್ದು ಫುಟಿಯ ಕೈಚಳಕವೇ, ಅಲ್ಲ, ಕಾಲ್ಚಳಕ. ಅಮೆರಿಕನ್ ಫುಟ್‌ಬಾಲಿನಲ್ಲಿ ಪಂಟರ್ ಎಂಬ ಒಬ್ಬ ಆಟಗಾರ ಇರುತ್ತಾನೆ. ಅವನ ಕೆಲಸ ಚೆಂಡನ್ನು ದೂರ ಒದ್ದು ಎದುರಾಳಿಯನ್ನು ಅವರದೇ ಗೋಲಿನ ಹತ್ತಿರ ಕಟ್ಟಿಹಾಕುವುದು. ಅಲ್ಲಿನವರು ಚೆಂಡು ತನ್ನ ಉದ್ದಕ್ಕೆ ತಿರುಗುತ್ತಾ ಹೋಗುವಂತೆ ಒದೆಯುತ್ತಿದ್ದರು. ಅದು ದೂರ ಹೋಗುತ್ತದೆ ನಿಜ, ಬಿದ್ದ ಮೇಲೆ ಮುಂದಕ್ಕೆ ಉರುಳಿ ಗೆರೆ ದಾಟಿಬಿಡುತ್ತದೆ. ಫುಟಿಯವರ ಡ್ರಾಪ್ ಪಂಟ್ ಬೇರೆ. ಚೆಂಡನ್ನು ನೆಟ್ಟಗೆ ಬಿಟ್ಟು ಕೆಳತುದಿಗೆ ಒದೆಯುತ್ತಾರೆ. ಅದು ಹಿಮ್ಮುಖವಾಗಿ ಲಾಗ ಹೊಡೆಯುತ್ತಾ ಹೋಗಿ, ನೆಲಕ್ಕೆ ಬಿದ್ದಾಗ ಅಲ್ಲೇ ತಡೆದು ಹಿಂದಕ್ಕೆ ಪುಟಿಯುತ್ತದೆ.

ಮೆಲ್ಬರ್ನ್ ಕ್ಲಬ್ಬಿನ ಡ್ಯಾರೆನ್ ಬೆನೆಟ್ 1990ರ ದಶಕದಲ್ಲಿ ಈ ಕಿಕ್ಕನ್ನು ಸ್ಯಾನ್ ಡಿಯೇಗೊ ತಂಡಕ್ಕೆ ಕೊಂಡುಹೋದರು. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗು ಎನ್‌ಎಫ್‌ಎಲ್. ಅದು ಆರಿಸಿದ ಆ ದಶಕದ ಶ್ರೇಷ್ಠರ ತಂಡದಲ್ಲಿ ಅವರಿಗೆ ಜಾಗ ಸಿಕ್ಕಿತು. ಜೀಲಾಂಗ್ ನಾಯಕರಾಗಿದ್ದ ಬೆನ್ ಗ್ರಹಾಂ 31ನೇ ವಯಸ್ಸಿಗೆ ನ್ಯೂಯಾರ್ಕ್ ಜೆಟ್ಸ್ ಸೇರಿದರು. 2009ರ ಫೆಬ್ರವರಿಯಲ್ಲಿ ಆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆಡಿದ ಮೊದಲ ಆಸ್ಟ್ರೇಲಿಯನ್ ಆದರು. ಕಾಲಿಂಗ್‌ವುಡ್ ಮತ್ತು ನಾರ್ತ್ ಮೆಲ್ಬರ್ನ್ ಪರ 748 ಗೋಲು ಹೊಡೆದಿದ್ದ ಸಾವ್ ರೊಕ್ಕಾ 33ಕ್ಕೆ ಫಿಲಡೆಲ್ಫಿಯ ತಂಡಕ್ಕೆ ಹೊಸಬರಾಗಿ ಹೋದರು. ನೇಥನ್ ಚಾಪ್‌ಮನ್ ಎಂಬ ಮಾಜಿ ಆಟಗಾರ 2007ರಲ್ಲಿ ಮೆಲ್ಬರ್ನಿನಲ್ಲಿ "ಪ್ರೋಕಿಕ್" ಶುರು ಮಾಡಿದ ಮೇಲೆ ಇದು ರಾಜಮಾರ್ಗವೇ ಆಯಿತು. ಅಲ್ಲಿ ತಯಾರಾದವರು ಸ್ಕಾಲರ್‌ಶಿಪ್ ಪಡೆದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುತ್ತಾರೆ. ಫ್ರೀಮ್ಯಾಂಟಲ್ ಕ್ಲಬ್ಬು ಕೈಬಿಟ್ಟಿದ್ದ ಮ್ಯಾಕ್ಸ್ ಡಫಿ ಹಾಗೆಯೇ ಕೆಂಟಕಿಗೆ ಹೋಗಿ, 2019ರಲ್ಲಿ ಕಾಲೇಜು ಮಟ್ಟದ ಶ್ರೇಷ್ಠ ಪಂಟರ್ ಪ್ರಶಸ್ತಿ ಪಡೆದರು. ಆಟ ಒಂದು ಕಡೆ ಮುಗಿಯಿತು, ಇನ್ನೊಂದು ಕಡೆ ಓದೂ ಸಿಕ್ಕಿತು.

ಮಗಳ ವಿಷಯ. ಇದರಲ್ಲಿ ನನಗೆ ನಿಜವಾಗಿಯೂ ಖುಷಿ ಇದೆ. ಎರಿನ್ ಫಿಲಿಪ್ಸ್ ಅವರ ತಂದೆ ಗ್ರೆಗ್ ಫಿಲಿಪ್ಸ್ ಪೋರ್ಟ್ ಅಡಿಲೇಡ್‌ನ ಹೆಸರಾಂತ ಆಟಗಾರ. ಮಗಳು ಹುಡುಗರ ಜೊತೆ 13 ವರ್ಷದವರೆಗೆ ಆಡಿದಳು. ಆಮೇಲೆ ಹುಡುಗಿಯರಿಗೆ ತಂಡವೇ ಇರಲಿಲ್ಲ. ಬೇರೆ ದಾರಿ ಕಾಣದೆ ಬ್ಯಾಸ್ಕೆಟ್‌ಬಾಲ್ ಹಿಡಿದರು. ಅಮೆರಿಕದ ಡಬ್ಲ್ಯುಎನ್‌ಬಿಎ ಲೀಗನ್ನು ಎರಡು ಸಲ ಗೆದ್ದರು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದರು. 2017ರಲ್ಲಿ ಎಎಫ್‌ಎಲ್ ಮಹಿಳಾ ಲೀಗು ಶುರುವಾದಾಗ ಅವರಿಗೆ 31 ವರ್ಷ. ಅಡಿಲೇಡ್ ತಂಡಕ್ಕೆ ಬಂದು ಮೊದಲ ವರ್ಷವೇ ಕಪ್ ಗೆದ್ದರು, ಲೀಗಿನ ಶ್ರೇಷ್ಠ ಆಟಗಾರ್ತಿಯೂ ಆದರು. 2019ರ ಫೈನಲ್‌ಗೆ ಅಡಿಲೇಡ್ ಓವಲ್‌ನಲ್ಲಿ 53,034 ಜನ ಸೇರಿದ್ದರು. ಹದಿಮೂರರಿಂದ ಮೂವತ್ತೊಂದರವರೆಗೆ, ಹದಿನೆಂಟು ವರ್ಷ, ಎರಿನ್ ಕೈಯಿಂದ ಸುಮ್ಮನೆ ಕಿತ್ತುಕೊಂಡಿದ್ದ ಆಟ ಅದು. ನಿಮ್ಮ ಮಗಳು ಅಷ್ಟು ಕಾಯಬೇಕಾಗಿಲ್ಲ. ಕ್ರಿಕೆಟಿನಿಂದಲೂ ಬಂದವರಿದ್ದಾರೆ. 2013ರಲ್ಲಿ ಮುಂಬೈಯಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ 75 ರನ್ ಹೊಡೆದು ಪಂದ್ಯಶ್ರೇಷ್ಠರಾದ ಜೆಸ್ ಡಫಿನ್, ಆಮೇಲೆ ಕಾಲಿಂಗ್‌ವುಡ್ ಮತ್ತು ನಾರ್ತ್ ಮೆಲ್ಬರ್ನ್ ಪರ ಫುಟಿ ಆಡಿದರು.

ದುಡ್ಡಿನ ವಿಷಯದಲ್ಲಿ ಮಾತ್ರ ಹುಷಾರಾಗಿರಿ. 2017ರಲ್ಲಿ ಹೆಚ್ಚಿನ ಆಟಗಾರ್ತಿಯರಿಗೆ ಸಿಕ್ಕಿದ್ದು ಸೀಸನ್ನಿಗೆ 8,500 ಡಾಲರ್. 2022ರಲ್ಲಿ ಕನಿಷ್ಠ ಸಂಬಳ 39,000 ಡಾಲರ್ ದಾಟಿತು. ಏರಿಕೆ ದೊಡ್ಡದೇ, ಆದರೂ ಅಷ್ಟರಲ್ಲೇ ಮೆಲ್ಬರ್ನಿನಲ್ಲಿ ಬದುಕುವುದು ಕಷ್ಟ. ಹಾಗಾಗಿ ಹಲವರು ಮೇಡಂ ಆಗಿ, ನರ್ಸ್ ಆಗಿ, ಆಂಬುಲೆನ್ಸ್ ಸೇವೆಯಲ್ಲಿ ದುಡಿಯುತ್ತಲೇ ಆಡುತ್ತಾರೆ.

ಈಗ ಮಾಡಬೇಕಾದದ್ದು. ಮಗನನ್ನು ಮೊದಲು ಹತ್ತಿರದ ಸ್ಥಳೀಯ ಕ್ಲಬ್ಬಿಗೆ ಸೇರಿಸಿ, ಒಂದು ಪೂರ್ತಿ ಸೀಸನ್ ಆಡಲಿ. ಬ್ಯಾಸ್ಕೆಟ್‌ಬಾಲ್ ಬಿಡಿಸಬೇಡಿ. ಒಂದು ಬೇಸಿಗೆಯ ಅಭ್ಯಾಸ, ಇನ್ನೊಂದು ಚಳಿಗಾಲದ ಪಂದ್ಯ ಎಂದು ಎರಡನ್ನೂ ಹೊಂದಿಸುವ ಮಕ್ಕಳು ಬೇಕಾದಷ್ಟಿದ್ದಾರೆ. ಪಶ್ಚಿಮ ಭಾಗದ 18ರೊಳಗಿನವರಿಗೆ ವೆಸ್ಟರ್ನ್ ಜೆಟ್ಸ್ ತಂಡವಿದೆ, ಎಎಫ್‌ಎಲ್ ಆಯ್ಕೆದಾರರು ಕಣ್ಣಿಟ್ಟಿರುವ ಲೀಗು ಅದು. ಏಷ್ಯಾದಲ್ಲಿ ಹುಟ್ಟಿದ ತಂದೆ ತಾಯಿಯ ಮಕ್ಕಳಿಗೆ ಎಎಫ್‌ಎಲ್ ಕ್ಲಬ್ಬುಗಳ "ನೆಕ್ಸ್ಟ್ ಜನರೇಶನ್ ಅಕಾಡೆಮಿ"ಗಳಲ್ಲಿ ಅವಕಾಶ ಇರುತ್ತದೆ. ನಿಯಮ ಆಗಾಗ ಬದಲಾಗುವುದರಿಂದ ನಿಮ್ಮ ಪ್ರದೇಶ ಯಾವ ಕ್ಲಬ್ಬಿಗೆ ಸೇರಿದ್ದು, ಅವನು ಅರ್ಹನೇ ಎಂದು ನೇರವಾಗಿ ವಿಚಾರಿಸಿ. ಡ್ರಾಫ್ಟಿಗೆ ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬಬೇಕು, ಅಂದರೆ ನಿಮಗೆ ಅವಸರವೇನೂ ಇಲ್ಲ. ಆಯ್ಕೆಯಾದರೂ ಓದು ನಿಲ್ಲಬೇಕಾಗಿಲ್ಲ. ಆಟಗಾರರ ಸಂಘ ಓದಿಗೆ ಸಹಾಯಧನ ಕೊಡುತ್ತದೆ, ಕೋರ್ಸನ್ನು ನಿಧಾನವಾಗಿ ಮುಗಿಸುವವರು ಪ್ರತಿ ಕ್ಲಬ್ಬಿನಲ್ಲೂ ಇದ್ದಾರೆ.

ಕೊನೆಯದಾಗಿ, ಹೆಸರು ಬರೆಸುವ ದಿನ ಕೋಚ್ ಹತ್ತಿರ ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ ಎಂದು ಕೇಳಿ. ಬ್ಯಾಸ್ಕೆಟ್‌ಬಾಲಿಗಿಂತ ಇಲ್ಲಿ ಡಿಕ್ಕಿ ಜಾಸ್ತಿ. ಸ್ಥಳೀಯ ಮಟ್ಟದಲ್ಲಿ ಕನ್ಕಷನ್ ಆದ ಆಟಗಾರ ಕನಿಷ್ಠ 21 ದಿನ ಪಂದ್ಯ ಆಡುವ ಹಾಗಿಲ್ಲ, ಡಾಕ್ಟರ್ ಒಪ್ಪಿಗೆಯೂ ಬೇಕು. ಈ ಮಾತನ್ನು ನೀವು ಕೇಳುವ ಮೊದಲೇ ಹೇಳುವ ಕ್ಲಬ್ಬು ಸಿಕ್ಕರೆ, ಅಲ್ಲೇ ಸೇರಿಸಿ.